ತಿಪ್ಪೆಗೆ ದೀಪವಿಟ್ಟ ಸೀಮೆಯ ಕಸದ ಪ್ರಶ್ನೆ



ಕನ್ನಡದಲ್ಲಿ ತಿಪ್ಪೆ ಎಂಬ ಮಾತಿಗೆ ಎರಡು ಮುಖಗಳಿವೆ. ಯಾರಾದರೂ ತಪ್ಪನ್ನು ಮುಚ್ಚಿಹಾಕಲು ಹೊರಟರೆ ಜನ ‘ತಿಪ್ಪೆ ಸಾರಿಸುತ್ತಿದ್ದಾನೆ’ ಎನ್ನುತ್ತಾರೆ. ಅದು ಒಂದು ಮುಖ. ಇನ್ನೊಂದು ಮುಖ ದೀಪಾವಳಿಯಲ್ಲಿ ಕಾಣಿಸುತ್ತದೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹೊಸಿಲಿಗೆ, ಕೊಟ್ಟಿಗೆಗೆ ದೀಪ ಇಟ್ಟ ಹಾಗೆ ತಿಪ್ಪೆಗೂ ಒಂದು ದೀಪ ಇಡುವ ರೂಢಿ ಉಂಟು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿ, ತಿಪ್ಪಯ್ಯ ಎಂದೋ ತಿಪ್ಪಮ್ಮ ಎಂದೋ ಹೆಸರಿಡುತ್ತಿದ್ದರು. ಹೊಲಕ್ಕೆ ಶಕ್ತಿ ಕೊಡುವ ಜಾಗ ಮಗುವಿಗೂ ಆಯಸ್ಸು ಕೊಟ್ಟೀತು ಎಂಬ ಆಸೆ ಅದರಲ್ಲಿ ಇದ್ದಿರಬೇಕು.

ತಿಪ್ಪೆಗೆ ದೀಪ ಇಟ್ಟ ಜನ ಊರ ಹೊರಗಿನ ಕಸದ ಗುಡ್ಡೆಗೆ ದೀಪ ಇಡುವುದಿಲ್ಲ. ಮೂಗು ಮುಚ್ಚಿಕೊಂಡು ದಾಟುತ್ತಾರೆ. ಎರಡೂ ಮನೆಯಿಂದ ಹೊರಬಿದ್ದ ವಸ್ತುಗಳ ರಾಶಿಯೇ. ಹಾಗಿದ್ದರೆ ಒಂದು ಪೂಜೆಗೆ ಅರ್ಹವಾಗಿ ಇನ್ನೊಂದು ಹೇಸಿಗೆಯಾದದ್ದು ಹೇಗೆ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ಊರುಗಳನ್ನು ಕಣ್ಣ ಮುಂದಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕುವುದು ಈ ಉಪನ್ಯಾಸದ ಉದ್ದೇಶ. ಬೆಳೆಯುತ್ತಿರುವ ದೇಶಗಳ ನೂರಾರು ನಗರಗಳು ಇಂದು ಕಸದಲ್ಲಿ ಮುಳುಗುತ್ತಿವೆ. ಈ ನಾಲ್ಕು ಊರುಗಳಿಗೆ ಅದರಿಂದ ತಪ್ಪಿಸಿಕೊಳ್ಳುವ ಅವಕಾಶ ಇನ್ನೂ ಉಳಿದಿದೆ. ಆದರೆ ಆ ಅವಕಾಶ ಬಹಳ ಕಾಲ ಕಾಯುವುದಿಲ್ಲ.

ನಾಲ್ಕು ಊರು, ಒಂದು ಲೆಕ್ಕ

ಈ ನಾಲ್ಕೂ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರ ಮೇ ತಿಂಗಳಲ್ಲಿ ಈ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಹೆಸರಿನ ಬಗ್ಗೆ ವಾದಗಳು ಇರಲಿ. ಮಹಾನಗರ ಈ ಸೀಮೆಯನ್ನು ತನ್ನ ಅಂಗಳ ಎಂದು ಭಾವಿಸಲು ಶುರುಮಾಡಿ ಬಹಳ ದಿನಗಳಾದವು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ರಸ್ತೆ ಆ ದೂರವನ್ನು ಮತ್ತಷ್ಟು ಕಡಿಮೆ ಮಾಡಿತು.

2011ರ ಜನಗಣತಿಯಲ್ಲಿ ರಾಮನಗರ ಪಟ್ಟಣದ ಜನಸಂಖ್ಯೆ ಸುಮಾರು 95 ಸಾವಿರ, ಚನ್ನಪಟ್ಟಣದ್ದು ಸುಮಾರು 72 ಸಾವಿರ, ಕನಕಪುರದ್ದು ಸುಮಾರು 54 ಸಾವಿರ. ಮಾಗಡಿ 30 ಸಾವಿರದೊಳಗಿನ ಊರು. ನಾಲ್ಕನ್ನೂ ಕೂಡಿಸಿದರೆ ಎರಡೂವರೆ ಲಕ್ಷ. 2021ರಲ್ಲಿ ಜನಗಣತಿ ನಡೆಯಲಿಲ್ಲವಾದ್ದರಿಂದ ಲೆಕ್ಕಕ್ಕೆ ಇದನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು. ಈಗಿನ ಜನ ಇದಕ್ಕಿಂತ ಹೆಚ್ಚು ಎಂಬುದಂತೂ ಕಣ್ಣಿಗೆ ಕಾಣುವ ಸಂಗತಿ.

ಸಣ್ಣ ಪಟ್ಟಣಗಳಲ್ಲಿ ತಲೆಗೆ ದಿನಕ್ಕೆ 300ರಿಂದ 400 ಗ್ರಾಂ ಕಸ ಎಂಬುದು ಭಾರತದ ನಗರ ಯೋಜಕರು ಬಳಸುವ ಅಂದಾಜು. 350 ಗ್ರಾಂ ಎಂದು ಹಿಡಿದರೆ ಎರಡೂವರೆ ಲಕ್ಷ ಜನರ ಕಸ ದಿನಕ್ಕೆ 87 ಟನ್ನಿನ ಆಸುಪಾಸು. ಅದರಲ್ಲಿ ಅರ್ಧದಷ್ಟು ಅಡುಗೆಮನೆಯ, ಹೋಟೆಲಿನ, ಸಂತೆಯ ಹಸಿ ಕಸ. ಬೆಂಗಳೂರು ಒಂದೇ ದಿನಕ್ಕೆ 5,000 ಟನ್‌ಗೂ ಹೆಚ್ಚು ಕಸ ಹೊರಹಾಕುತ್ತದೆ. ಅದರ ಪಕ್ಕದಲ್ಲಿ 87 ಟನ್ ಎಂಬುದು ಬೆದರಿಸುವ ಸಂಖ್ಯೆಯಲ್ಲ. ಆದರೆ ಎತ್ತಿನ ಗಾಡಿಯಲ್ಲಿ ಕಸ ಸಾಗಿಸುತ್ತಿದ್ದ ಕಾಲದ ಊರಿಗೂ ಈ ಸಂಖ್ಯೆಗೂ ನಡುವೆ ಏನೋ ಮುರಿದುಬಿದ್ದಿದೆ. ಅದು ಏನೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಊರಿನಿಂದ ಹೊಲಕ್ಕೆ ಇದ್ದ ದಾರಿ

ಇಲ್ಲಿ ಕುಳಿತಿರುವ ಹಿರಿಯರಿಗೆ ಕಲಗಚ್ಚಿನ ಬಾನಿ ನೆನಪಿರಬೇಕು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಅನ್ನ, ಎಲ್ಲವೂ ಆ ಬಾನಿಗೆ. ಬಾನಿಯಿಂದ ದನದ ಹೊಟ್ಟೆಗೆ. ಒಲೆಯ ಬೂದಿ ಮುಸುರೆ ಪಾತ್ರೆ ತಿಕ್ಕಲು, ಮಿಕ್ಕದ್ದು ತಿಪ್ಪೆಗೆ. ಊಟದ ಎಂಜಲೆಲೆ ಹಸುವಿಗೆ. ಹಳೆಯ ಬಟ್ಟೆ ಕೌದಿಗೆ, ಒಡೆದ ಹಿತ್ತಾಳೆ ತಾಮ್ರ ಗುಜರಿಯವನಿಗೆ. ದನದ ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ಗುಡಿಸಿದ ಕಸ ಸೇರಿ ತಿಪ್ಪೆ ಬೆಳೆಯುತ್ತಿತ್ತು. ಮುಂಗಾರಿಗೆ ಮುನ್ನ ಗಾಡಿಗಟ್ಟಲೆ ಹೊಲಕ್ಕೆ ಹೋಗುತ್ತಿತ್ತು.

ಪಟ್ಟಣದಲ್ಲೂ ಇದೇ ಏರ್ಪಾಡು ಇತ್ತು. ಟಿಪ್ಪು ಸುಲ್ತಾನನ ಪತನದ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಸುತ್ತಾಡಿ ಬೇಸಾಯದ ವಿವರಗಳನ್ನು ಬರೆದಿಟ್ಟ. ಬೆಂಗಳೂರಿನ ಸಮೀಪದ ರೈತರು ಗೋಣಿಚೀಲ ಹೊತ್ತ ಎತ್ತುಗಳನ್ನು ಪೇಟೆಗೆ ಕಳಿಸಿ, ಅಲ್ಲಿಯ ಬೂದಿ, ಮಲ, ಗುಡಿಸಿದ ಮಣ್ಣನ್ನು ಗುಡಿಸುವವರಿಂದ ತರಿಸಿಕೊಳ್ಳುತ್ತಿದ್ದರು ಎಂಬುದು ಅವನು ದಾಖಲಿಸಿದ ಸಂಗತಿಗಳಲ್ಲಿ ಒಂದು. ಪೇಟೆಗೆ ರಾಗಿ ಬರುತ್ತಿತ್ತು, ಪೇಟೆಯಿಂದ ಗೊಬ್ಬರ ಹೋಗುತ್ತಿತ್ತು. ಹೊಲ ಕಳಕೊಂಡದ್ದನ್ನು ಹೊಲಕ್ಕೆ ಹಿಂತಿರುಗಿಸುವ ದಾರಿ ತೆರೆದಿತ್ತು.

ಆದರೆ ಆ ಹಳೆಯ ಏರ್ಪಾಡನ್ನು ಹೊಗಳುವಾಗ ಒಂದು ಮಾತನ್ನು ಮರೆಯಬಾರದು. ಊರಿನ ಮಲವನ್ನು ಹೊಲಕ್ಕೆ ತಲುಪಿಸಿದ್ದು ಕೆಲವೇ ಜಾತಿಗಳ ಜನರ ತಲೆ ಮತ್ತು ಕೈಗಳು. ಉಳಿದವರ ಅಂಗಳ ಶುದ್ಧವಾಗಿರಲೆಂದು ಅವರು ತಲೆಮಾರುಗಳ ಕಾಲ ಅವಮಾನ ಹೊತ್ತರು. 1970ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ, ಮತ್ತಷ್ಟು ಬಿಗಿಯಾದ ಕಾನೂನು 2013ರಲ್ಲಿ. ಹಿಂದಿನ ಕಾಲದ ತಿಪ್ಪೆಗೆ ಹಿಂತಿರುಗೋಣ ಎಂದು ಯಾರಾದರೂ ಕರೆ ಕೊಟ್ಟರೆ, ಆ ಬುಟ್ಟಿ ಹೊರುವವರು ಯಾರು ಎಂದು ಮೊದಲು ಕೇಳಬೇಕು. ಇಂದಿನ ಕಸದ ಚರ್ಚೆಯಲ್ಲೂ ಈ ಪ್ರಶ್ನೆ ಹಾಗೆಯೇ ನಿಂತಿದೆ.

‘ಬೆಂಗಳೂರು ವಿಧಾನ’

ಊರ ಕಸವನ್ನು ಶುಚಿಯಾಗಿ ಗೊಬ್ಬರ ಮಾಡುವ ವಿಜ್ಞಾನವೂ ಈ ನಾಡಿನಲ್ಲೇ ಬೆಳೆಯಿತು ಎಂಬುದು ಅನೇಕರಿಗೆ ತಿಳಿಯದು. ಜಗತ್ತಿನ ಕೃಷಿ ಮತ್ತು ಆರೋಗ್ಯ ಪಠ್ಯಪುಸ್ತಕಗಳಲ್ಲಿ ಗೊಬ್ಬರ ತಯಾರಿಯ ಎರಡು ಭಾರತೀಯ ವಿಧಾನಗಳ ಹೆಸರಿದೆ. ಒಂದು, ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ರೂಪಿಸಿದ ಇಂದೋರ್ ವಿಧಾನ. ಇನ್ನೊಂದು ಬೆಂಗಳೂರು ವಿಧಾನ. ಸಿ.ಎನ್. ಆಚಾರ್ಯ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1939ರಲ್ಲಿ ಇದನ್ನು ರೂಪಿಸಿದರು.

ವಿಧಾನ ಸರಳ. ಮೂರಡಿ ಆಳದ ಉದ್ದನೆಯ ಗುಂಡಿ ತೋಡಬೇಕು. ತಳಕ್ಕೆ ಸುಮಾರು 15 ಸೆಂಟಿಮೀಟರ್ ದಪ್ಪ ಊರ ಕಸ, ಅದರ ಮೇಲೆ 5 ಸೆಂಟಿಮೀಟರ್ ಮಲ. ಹೀಗೆ ಒಂದರ ಮೇಲೊಂದು ಪದರ ಹಾಕುತ್ತಾ ನೆಲಮಟ್ಟಕ್ಕಿಂತ ಒಂದಡಿ ಮೇಲೆ ಏರಿಸಿ, ಕೊನೆಗೆ ಕಸದ ದಪ್ಪ ಪದರ ಹೊದಿಸಿ, ತೋಡಿದ ಮಣ್ಣಿನಿಂದ ಮುಚ್ಚಬೇಕು. ವಾರದೊಳಗೆ ಗುಂಡಿಯ ಒಳಗೆ ಬಿಸಿ 60 ಡಿಗ್ರಿ ದಾಟುತ್ತದೆ. ಆ ಕಾವು ಎರಡು ಮೂರು ವಾರ ನಿಂತು ರೋಗಾಣುಗಳನ್ನೂ ನೊಣದ ಮರಿಗಳನ್ನೂ ಕೊಲ್ಲುತ್ತದೆ. ಮಧ್ಯೆ ತಿರುವಿ ಹಾಕುವ ಕೆಲಸವಿಲ್ಲ. ನಾಲ್ಕರಿಂದ ಆರು ತಿಂಗಳಿಗೆ ವಾಸನೆಯಿಲ್ಲದ ಕಪ್ಪು ಗೊಬ್ಬರ ಸಿದ್ಧ. ಸಣ್ಣ ಪುರಸಭೆಯೂ ನಡೆಸಬಹುದಾದಷ್ಟು ಅಗ್ಗದ ಈ ವಿಧಾನವನ್ನು ದೇಶದ ಅನೇಕ ಪಟ್ಟಣಗಳು ಹಿಡಿದವು. 1940ರ ದಶಕದ ಹೆಚ್ಚು ಆಹಾರ ಬೆಳೆಯಿರಿ ಆಂದೋಲನದಲ್ಲಿ ಊರ ಕಸದ ಗೊಬ್ಬರಕ್ಕೆ ಗೌರವದ ಸ್ಥಾನ ಇತ್ತು. 1975ರಲ್ಲಿ ಕರ್ನಾಟಕ ಸರ್ಕಾರ ಇದಕ್ಕೆಂದೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು.

ಇಷ್ಟೆಲ್ಲ ಇದ್ದೂ ದಾರಿ ಮುಚ್ಚಿಹೋದದ್ದು ಏಕೆ? ಎರಡು ಕಾರಣಗಳನ್ನು ಮುಖ್ಯವಾಗಿ ಹೇಳಬಹುದು. 1960ರ ದಶಕದ ನಂತರ ಯೂರಿಯಾ ಮೂಟೆ ಅಗ್ಗವಾಗಿ ಅಂಗಡಿಗೆ ಬಂತು. ಒಂದು ಮೂಟೆಯ ಕೆಲಸಕ್ಕೆ ಹತ್ತು ಗಾಡಿ ಗೊಬ್ಬರ ಹೊಡೆಯುವ ಶ್ರಮ ಯಾರಿಗೂ ಬೇಡವಾಯಿತು. ಎರಡನೆಯದು ಇನ್ನೂ ದೊಡ್ಡದು. ಊರ ಕಸದ ಗುಣವೇ ಬದಲಾಯಿತು. ಪ್ಲಾಸ್ಟಿಕ್ ಚೀಲ, ಬ್ಯಾಟರಿ, ಟ್ಯೂಬ್‌ಲೈಟ್, ಇಂಜೆಕ್ಷನ್ ಸೂಜಿ, ಡಯಾಪರ್ ಎಲ್ಲವೂ ಸಿಪ್ಪೆ ಸೊಪ್ಪಿನ ಜೊತೆ ಒಂದೇ ಬುಟ್ಟಿಗೆ ಬಿದ್ದವು. ಇಂಥ ಕಸದಿಂದ ಬಂದ ಗೊಬ್ಬರದಲ್ಲಿ ಗಾಜಿನ ಚೂರು ಇರುತ್ತದೆ. ಬರಿಗಾಲಿನಲ್ಲಿ ಗದ್ದೆಗೆ ಇಳಿಯುವ ರೈತ ಅದನ್ನು ಒಮ್ಮೆ ಹಾಕಿಸಿಕೊಂಡಾನು, ಎರಡನೆಯ ಸಲ ಬಾಗಿಲಿಂದಲೇ ವಾಪಸು ಕಳಿಸುತ್ತಾನೆ. ಗೊಬ್ಬರ ಕೊಳ್ಳುವವರಿಲ್ಲದಾಗ ಕಸ ಕೊಳೆಯುವ ಜಾಗ ಹುಡುಕಿಕೊಂಡು ಹೋಗುತ್ತದೆ. ಮೊದಲು ಊರ ಕೆರೆಯಂಗಳ, ಆಮೇಲೆ ಕಲ್ಲುಗಣಿಯ ಹೊಂಡ, ಕೊನೆಗೆ ಬೇರೆಯವರ ಊರು.

ತಿಪ್ಪೆ ಮತ್ತು ಕಸದ ಗುಡ್ಡೆಯ ನಡುವಿನ ವ್ಯತ್ಯಾಸ ಇಲ್ಲಿದೆ. ತಿಪ್ಪೆಗೆ ಬೀಳುವುದೆಲ್ಲ ಕೊಳೆಯುವ ಜಾತಿಯದು. ಗುಡ್ಡೆಗೆ ಬೀಳುವುದು ಬೆರಕೆ. ಬೇರೆಬೇರೆ ಇದ್ದಾಗ ಬೆಲೆಯಿದ್ದ ವಸ್ತುಗಳು ಬೆರೆತ ಕ್ಷಣದಲ್ಲಿ ಬೆಲೆ ಕಳೆದುಕೊಳ್ಳುತ್ತವೆ.

ರೇಷ್ಮೆ ಮತ್ತು ಬೊಂಬೆ ಕಲಿಸುವ ಪಾಠ

ಈ ಮಾತಿಗೆ ಸಾಕ್ಷಿ ಬೇಕೆಂದರೆ ದೂರ ಹೋಗಬೇಕಾಗಿಲ್ಲ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಅಲ್ಲಿಂದ ಗೂಡು ನೂಲು ಬಿಚ್ಚುವ ಮನೆಗಳಿಗೆ ಹೋಗುತ್ತದೆ. ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಏಳೆಂಟು ಕಿಲೋ ಮಿಶ್ರತಳಿ ಗೂಡು ಬೇಕು. ಅಂದರೆ ಕೊಂಡದ್ದರಲ್ಲಿ ಹೆಚ್ಚಿನ ಪಾಲು ನೂಲಲ್ಲ, ಒಳಗಿನ ಹುಳು. ಆ ಹುಳು ಬೀದಿಯಲ್ಲಿ ಬಿದ್ದು ಕೊಳೆತರೆ ಊರಿಗೆ ಊರೇ ನಾರುತ್ತದೆ. ಆದರೆ ಅದನ್ನು ಕೊಳ್ಳುವ ವ್ಯಾಪಾರಿಗಳಿದ್ದಾರೆ. ಒಣಗಿಸಿದ ಹುಳು ಕೋಳಿ ಮತ್ತು ಮೀನಿನ ಆಹಾರಕ್ಕೆ ಹೋಗುತ್ತದೆ, ಅದರ ಎಣ್ಣೆ ಸೋಪಿನ ತಯಾರಿಕೆಗೆ ಒದಗುತ್ತದೆ. ಹಳ್ಳಿಯಲ್ಲಿ ಹುಳುವಿನ ಹಿಕ್ಕೆ, ತಿಂದುಳಿದ ಹಿಪ್ಪುನೇರಳೆ ಕಡ್ಡಿ ಮತ್ತೆ ತೋಟಕ್ಕೇ ಗೊಬ್ಬರ.

ಗೂಡಿನಲ್ಲಿ ಬಿಚ್ಚಲು ಬಾರದ ಮೇಲಿನ ಎಳೆ, ಒಳಗಿನ ತೆಳು ಪದರ ಉಳಿಯುತ್ತವಲ್ಲ, ಅವುಗಳ ಕಥೆ ಇನ್ನೂ ಸ್ವಾರಸ್ಯಕರ. ಇಂಥ ರೇಷ್ಮೆ ತ್ಯಾಜ್ಯವನ್ನು ಹತ್ತಿಯ ಹಾಗೆ ಹಿಂಜಿ ನೂಲುವ ಗಿರಣಿ 1930ರ ದಶಕದಲ್ಲೇ ಚನ್ನಪಟ್ಟಣಕ್ಕೆ ಬಂತು. ಮೈಸೂರು ಸ್ಪನ್ ಸಿಲ್ಕ್ ಮಿಲ್ ಎಂದು ಹೆಸರಾದ ಅದು ಮುಂದೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿತು. ನೂಲು ಬಿಚ್ಚುವವರು ಬಿಸಾಡಬೇಕಾಗಿದ್ದ ಪದಾರ್ಥ ಒಂದು ಇಡೀ ಗಿರಣಿಗೆ ಕಚ್ಚಾ ಸರಕಾಯಿತು.

ಚನ್ನಪಟ್ಟಣದ ಬೊಂಬೆ ಕೆಲಸವೂ ಹೀಗೆಯೇ. ಆಲೆ ಮರವನ್ನು ಕಡಸಲು ಯಂತ್ರಕ್ಕೆ ಕೊಟ್ಟು, ಅರಗಿನ ಬಣ್ಣ ಹತ್ತಿಸಿ, ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ದೊಡ್ಡ ತುಂಡಿನಿಂದ ಬೊಂಬೆ, ಮಿಕ್ಕ ಸಣ್ಣ ತುಂಡಿನಿಂದ ಮಣಿ, ಗುಂಡಿ. ಸಿಪ್ಪೆ ಹೊಟ್ಟು ಒಲೆಗೆ.

ಈ ಕಸುಬುಗಳಲ್ಲಿ ವ್ಯರ್ಥ ಕಡಿಮೆಯಾದದ್ದು ಕಸುಬುದಾರರು ಪರಿಸರವಾದಿಗಳಾಗಿದ್ದರು ಎಂದಲ್ಲ. ಹುಳು ಹುಳುವಾಗಿ, ಎಳೆ ಎಳೆಯಾಗಿ, ಹೊಟ್ಟು ಹೊಟ್ಟಾಗಿ ಬೇರೆಬೇರೆ ಉಳಿಯಿತು. ಬೇರೆಯಾಗಿ ಉಳಿದದ್ದಕ್ಕೆ ಗಿರಾಕಿ ಸಿಕ್ಕ. ರೇಷ್ಮೆ ಹುಳು, ಮರದ ಹೊಟ್ಟು, ಪ್ಲಾಸ್ಟಿಕ್ಕನ್ನು ಒಂದೇ ಲಾರಿಗೆ ತುಂಬಿದ್ದರೆ ಅವುಗಳಲ್ಲಿ ಒಂದಕ್ಕೂ ಕಾಸು ಹುಟ್ಟುತ್ತಿರಲಿಲ್ಲ.

ರಾಮದೇವರ ಬೆಟ್ಟದ ಎಚ್ಚರಿಕೆ

ಬೆರಕೆಯ ಅಪಾಯವನ್ನು ಇನ್ನೂ ತೀಕ್ಷ್ಣವಾಗಿ ಹೇಳುವ ಸಾಕ್ಷಿ ರಾಮನಗರದ ನೆತ್ತಿಯ ಮೇಲೆಯೇ ಇದೆ. ರಾಮದೇವರ ಬೆಟ್ಟದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. 2012ರಲ್ಲಿ ಸರ್ಕಾರ ಇದನ್ನು ರಣಹದ್ದುಗಳ ಅಭಯಧಾಮ ಎಂದು ಘೋಷಿಸಿತು. ಸತ್ತ ದನವನ್ನು ಕೆಲವೇ ಗಂಟೆಗಳಲ್ಲಿ ಮೂಳೆಗೆ ಇಳಿಸುವ ಈ ಹಕ್ಕಿಗಳು ಊರಿನ ಸಂಬಳವಿಲ್ಲದ ಜಾಡಮಾಲಿಗಳಾಗಿದ್ದವು. 1990ರ ದಶಕದಲ್ಲಿ ಭಾರತದ ಉದ್ದಗಲಕ್ಕೂ ಅವು ಸಾಯತೊಡಗಿದವು. ಮೂರು ಜಾತಿಯ ರಣಹದ್ದುಗಳ ಸಂಖ್ಯೆ ಹದಿನೈದೇ ವರ್ಷಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಕುಸಿಯಿತು. ಕಾರಣ ಏನೆಂದು 2004ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು: ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ. ಆ ಔಷಧಿ ಉಳಿದ ಮಾಂಸ ತಿಂದ ಹಕ್ಕಿಯ ಮೂತ್ರಪಿಂಡ ಕೆಡುತ್ತಿತ್ತು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ಭಾರತ ನಿಷೇಧಿಸಿತು. ಅಷ್ಟರಲ್ಲಿ ಸಾವಿರಾರು ವರ್ಷ ತಾನೇ ತಾನಾಗಿ ನಡೆದುಬಂದ ಒಂದು ಶುಚಿ ವ್ಯವಸ್ಥೆ ಬಹುತೇಕ ಕುಸಿದಿತ್ತು.

ಸಹಜವಾಗಿ ಕರಗಿಹೋಗಬೇಕಾದ ವಸ್ತುವಿನಲ್ಲಿ ಕರಗದ ಒಂದಿಷ್ಟು ವಿಷ ಸೇರಿತು. ಅಷ್ಟಕ್ಕೇ ಸರಪಳಿ ತುಂಡಾಯಿತು. ಅಡುಗೆಮನೆಯ ಕಸಕ್ಕೆ ಸೇರುವ ಬ್ಯಾಟರಿಯೂ ಪ್ಲಾಸ್ಟಿಕ್ಕೂ ಮಾಡುವ ಕೆಲಸ ಇದೇ. ಹಸಿ ಕಸ ತಿನ್ನಲು ಬಂದ ಹಸುವಿನ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಉಳಿಯುತ್ತದೆ. ಕಲಗಚ್ಚಿನ ಬಾನಿ ಇದ್ದ ಕಾಲದಲ್ಲಿ ಹಸುವಿಗೆ ಈ ಗತಿ ಇರಲಿಲ್ಲ.

ಮಹಾನಗರದ ಹಿತ್ತಲು

ಈ ನಾಲ್ಕು ಊರುಗಳಿಗೆ ಸ್ವಂತ ಕಸದ ಜೊತೆಗೆ ಇನ್ನೊಂದು ಹೊರೆಯೂ ಇದೆ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ವಂಶ 1638ರಲ್ಲಿ ಬಿಜಾಪುರದ ಸೈನ್ಯಕ್ಕೆ ಆ ಊರನ್ನು ಬಿಟ್ಟುಕೊಟ್ಟು ಮಾಗಡಿಗೆ ಬಂದು ನೆಲೆಸಿತು. ಇಂದು ಬೆಂಗಳೂರೇ ಅದರ ಬೆನ್ನು ಹಿಡಿದು ಬರುತ್ತಿದೆ. ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ ಜಲಾಶಯ 1930ರ ದಶಕದಿಂದ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಬದಲಿಗೆ ಮಹಾನಗರ ಕಳಿಸಿದ್ದು ವೃಷಭಾವತಿಯ ಕೊಳಚೆಯನ್ನು. ಅದು ಬಿಡದಿ ಹೋಬಳಿಯ ಬೈರಮಂಗಲ ಕೆರೆಯನ್ನು ತುಂಬಿ, ಮುಂದೆ ಕನಕಪುರದ ಸಮೀಪ ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ನೀರಿನ ಋಣಕ್ಕೆ ಇಂಥ ಮರುಪಾವತಿ.

ಘನ ಕಸದ ವಿಷಯದಲ್ಲೂ ಮಹಾನಗರದ ಚರಿತ್ರೆ ಧೈರ್ಯ ಕೊಡುವಂಥದ್ದಲ್ಲ. ಬೆಂಗಳೂರಿನ ಬೆರಕೆ ಕಸ ವರ್ಷಗಟ್ಟಲೆ ಮಾವಳ್ಳಿಪುರಕ್ಕೆ ಹೋಯಿತು. ಅಂತರ್ಜಲ ಕೆಟ್ಟು ಜನ ಎದ್ದು ನಿಂತರು, 2012ರಲ್ಲಿ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಮಹಾನಗರದ ಬೀದಿಗಳಲ್ಲಿ ಕಸ ರಾಶಿ ಬಿದ್ದದ್ದು ಆ ವರ್ಷವೇ. ಆಮೇಲೆ ಹೊರೆಯೆಲ್ಲ ಮಂಡೂರಿನ ಮೇಲೆ. ಅಲ್ಲಿಯ ಜನರ ದೀರ್ಘ ಹೋರಾಟದ ನಂತರ 2014ರ ಕೊನೆಗೆ ಅದೂ ನಿಂತಿತು. ಒಂದು ಊರು ಬಾಗಿಲು ಹಾಕಿದರೆ ಲಾರಿ ಇನ್ನೊಂದು ಊರಿನ ಬಾಗಿಲು ತಟ್ಟುತ್ತದೆ.

ಬಿಡದಿಯಲ್ಲಿ ದಿನಕ್ಕೆ 600 ಟನ್ ಕಸ ಉರಿಸಿ 11.5 ಮೆಗಾವಾಟ್ ವಿದ್ಯುತ್ ತಯಾರಿಸುವ ಘಟಕಕ್ಕೆ 2020ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆಯಾಯಿತು. ಕಸದಿಂದ ಕರೆಂಟು ಎಂಬ ಮಾತು ಕಿವಿಗೆ ಹಿತವಾಗಿದೆ. ಆದರೆ ನೀರು ತುಂಬಿದ ತರಕಾರಿ ಸಿಪ್ಪೆ ತಾನಾಗಿ ಉರಿಯದು, ಅದನ್ನು ಒಣಗಿಸಲು ಬೆಂಕಿಯ ಶಾಖವೇ ಖರ್ಚಾಗುತ್ತದೆ. ಉರಿಸುವ ಘಟಕ ಚೆನ್ನಾಗಿ ನಡೆಯಬೇಕಾದರೂ ಹಸಿಯನ್ನು ಒಣದರಿಂದ ಬೇರ್ಪಡಿಸಲೇಬೇಕು. ಉರಿದ ಮೇಲೆ ಬೂದಿಗೆ ಜಾಗ ಬೇಕು, ಹೊಗೆಯ ಮೇಲೆ ಕಣ್ಣಿಡಬೇಕು. ಯಂತ್ರ ಎಷ್ಟೇ ದೊಡ್ಡದಿರಲಿ, ಮನೆಬಾಗಿಲಿನಲ್ಲಿ ತಪ್ಪಿದ ಕೆಲಸವನ್ನು ಅದು ಸರಿಪಡಿಸಲಾರದು.

ಕಾನೂನು ಹೇಳಿದ್ದೂ ಇದನ್ನೇ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದರ ಫಲವಾಗಿ 2000ನೇ ಇಸವಿಯಲ್ಲಿ ದೇಶಕ್ಕೆ ಮೊದಲ ನಗರ ಘನತ್ಯಾಜ್ಯ ನಿಯಮಗಳು ಬಂದವು. 2016ರ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಕಸವನ್ನು ಮನೆಯಲ್ಲೇ ಮೂರು ಪಾಲು ಮಾಡಬೇಕೆಂದು ವಿಧಿಸಿದವು. ಅದೇ ವರ್ಷ ಮಾರ್ಚ್‌ನಲ್ಲಿ ಕರ್ನಾಟಕ ಪ್ಲಾಸ್ಟಿಕ್ ಚೀಲ, ಲೋಟ, ತಟ್ಟೆಗಳನ್ನು ನಿಷೇಧಿಸಿತು. ಕಾನೂನಿಗೆ ಕೊರತೆ ಇಲ್ಲ. ಸಂತೆಯಲ್ಲಿ ಸೊಪ್ಪು ಕೊಂಡವರ ಕೈಯಲ್ಲಿ ಇಂದಿಗೂ ತೆಳು ಚೀಲ ಕಾಣುವುದರಿಂದ ಕೊರತೆ ಎಲ್ಲಿದೆ ಎಂದು ತಿಳಿಯುತ್ತದೆ.

ಹೊರಗಿನ ಎರಡು ದಾರಿಗಳು

ಜಗತ್ತಿನಲ್ಲಿ 2016ರಲ್ಲಿ ಉತ್ಪತ್ತಿಯಾದ ನಗರ ಕಸ ಸುಮಾರು 200 ಕೋಟಿ ಟನ್, 2050ಕ್ಕೆ ಅದು 340 ಕೋಟಿ ಟನ್ ಆದೀತು ಎಂದು ವಿಶ್ವಬ್ಯಾಂಕ್ 2018ರಲ್ಲಿ ಅಂದಾಜು ಮಾಡಿತು. ಆಫ್ರಿಕ ಮತ್ತು ದಕ್ಷಿಣ ಏಷ್ಯಾದಲ್ಲಿ ಹೆಚ್ಚಳದ ವೇಗ ಅತಿ ಹೆಚ್ಚು. ಸುಮ್ಮನೆ ಸುರಿಯುತ್ತಾ ಹೋಗುವ ದಾರಿಯ ಕೊನೆ ಹೇಗಿರುತ್ತದೆ ಎಂಬುದನ್ನು ಫಿಲಿಪೀನ್ಸ್‌ನ ಪಯಾಟಾಸ್ ತೋರಿಸಿತು. 2000ದ ಜುಲೈನಲ್ಲಿ ಅಲ್ಲಿ ಮಳೆಗೆ ಕಸದ ಬೆಟ್ಟ ಕುಸಿದು, ಅದರ ಬುಡದಲ್ಲಿ ಗುಡಿಸಲು ಹಾಕಿಕೊಂಡಿದ್ದ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2017ರ ಮಾರ್ಚ್‌ನಲ್ಲಿ ಇಥಿಯೋಪಿಯಾದ ಆಡಿಸ್ ಅಬಾಬಾದಲ್ಲೂ ಅಂಥದೇ ದುರಂತ ನಡೆಯಿತು. ಸತ್ತವರು ಎರಡೂ ಕಡೆ ಕಸ ಆಯ್ದು ಬದುಕುವ ಬಡವರೇ ಹೆಚ್ಚು.

ಇನ್ನೊಂದು ದಾರಿಗೆ ಕೇರಳದ ಆಲಪ್ಪುಳ ಉದಾಹರಣೆ. ಆ ಪಟ್ಟಣದ ಕಸ ಪಕ್ಕದ ಸರ್ವೋದಯಪುರಂಗೆ ಹೋಗುತ್ತಿತ್ತು. ಅಲ್ಲಿಯ ಜನ ಲಾರಿಗಳನ್ನು ತಡೆದರು. ಕಸ ಹೋಗುವ ಜಾಗವೇ ಇಲ್ಲವಾದಾಗ ನಗರಸಭೆ 2012ರ ಸುಮಾರಿಗೆ ದಿಕ್ಕು ಬದಲಿಸಿತು. ಹಸಿ ಕಸವನ್ನು ಹುಟ್ಟಿದಲ್ಲೇ ಕರಗಿಸುವ ಕೊಳವೆ ಗೊಬ್ಬರ, ಮನೆಯ ಬಯೋಗ್ಯಾಸ್ ತೊಟ್ಟಿ, ಬೀದಿಗೊಂದು ಗೊಬ್ಬರದ ಗೂಡು ಬಂದವು. ಇಂಡೊನೇಷ್ಯಾದ ಸುರಬಾಯಾದಲ್ಲಿ ಮನೆಮನೆಗೆ ಗೊಬ್ಬರದ ಬುಟ್ಟಿ ಹಂಚಿ ಇದೇ ಫಲ ಕಂಡರು. ಇವು ಶ್ರೀಮಂತ ನಗರಗಳಲ್ಲ. ದೊಡ್ಡ ಯಂತ್ರ ಕೊಳ್ಳುವ ಶಕ್ತಿ ಇಲ್ಲದ್ದರಿಂದಲೇ ಅವು ಬೀದಿ ಮಟ್ಟದ ಪರಿಹಾರಕ್ಕೆ ಇಳಿದವು ಎನ್ನಬಹುದು.

ಐನೂರು ಎಕರೆಯ ಉತ್ತರ

ಈಗ ನಾಲ್ಕು ಊರುಗಳ ಲೆಕ್ಕಕ್ಕೆ ಹಿಂತಿರುಗಬಹುದು. ದಿನದ 87 ಟನ್ನಿನಲ್ಲಿ ಅರ್ಧ, ಅಂದರೆ 43 ಟನ್ ಹಸಿ ಕಸ. ಕೊಳೆತು ಗೊಬ್ಬರವಾಗುವಾಗ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ದಿನಕ್ಕೆ 11 ಟನ್, ವರ್ಷಕ್ಕೆ ಸುಮಾರು 4,000 ಟನ್ ಗೊಬ್ಬರ. ನೀರಾವರಿ ಹಿಪ್ಪುನೇರಳೆಗೆ ವರ್ಷಕ್ಕೆ ಹೆಕ್ಟೇರಿಗೆ 20 ಟನ್ ಕೊಟ್ಟಿಗೆ ಗೊಬ್ಬರ ಹಾಕಬೇಕೆಂಬುದು ರೇಷ್ಮೆ ಇಲಾಖೆಯ ಶಿಫಾರಸು. ಅಂದರೆ ನಾಲ್ಕೂ ಪಟ್ಟಣಗಳ ಹಸಿ ಕಸವೆಲ್ಲ ಗೊಬ್ಬರವಾದರೂ ಅದನ್ನು ಕುಡಿಯಲು 200 ಹೆಕ್ಟೇರ್, ಹೆಚ್ಚೆಂದರೆ 500 ಎಕರೆ ಹಿಪ್ಪುನೇರಳೆ ಸಾಕು. ಜಿಲ್ಲೆಯ ಹಿಪ್ಪುನೇರಳೆ ತೋಟಗಳು ಅದರ ಎಷ್ಟೋ ಪಟ್ಟು ಇವೆ. ಅದರ ಮೇಲೆ ರಾಗಿ, ತೆಂಗು, ಮಾವು ಬೇರೆ. ದನ ಕಡಿಮೆಯಾಗಿ ಕೊಟ್ಟಿಗೆ ಗೊಬ್ಬರಕ್ಕೆ ರೈತರು ದುಡ್ಡು ಕೊಟ್ಟು ಅಲೆಯುವ ಕಾಲ ಇದು.

ಮಹಾನಗರಕ್ಕೆ ಇಲ್ಲದ ಅನುಕೂಲ ಇದು. ಬೆಂಗಳೂರಿನ ನಡುಮಧ್ಯದಿಂದ ಹೊಲಕ್ಕೆ ನಲವತ್ತು ಕಿಲೋಮೀಟರು. ಮಾಗಡಿಯ ಸಂತೆಮಾಳದಿಂದ ಹೊಲಕ್ಕೆ ಹತ್ತು ನಿಮಿಷದ ನಡಿಗೆ. ಊರು ಇನ್ನಷ್ಟು ಬೆಳೆದು ಈ ಹೊಲಗಳು ಬಡಾವಣೆಗಳಾದರೆ ಅನುಕೂಲವೂ ಹೋಯಿತು.

ಇದಕ್ಕೆ ಆಕ್ಷೇಪಗಳು ಇವೆ, ಅವು ಹುಸಿಯೂ ಅಲ್ಲ. ಗೊಬ್ಬರ ಮಾರಿ ಬರುವ ಹಣ ಕಸ ಸಂಗ್ರಹದ ಖರ್ಚನ್ನು ತುಂಬುವುದಿಲ್ಲ. ನಿಜ. ಆದರೆ ದೀಪದ ಕಂಬದಿಂದಾಗಲಿ ಚರಂಡಿಯಿಂದಾಗಲಿ ಲಾಭ ಬರಲಿ ಎಂದು ಯಾವ ನಗರಸಭೆಯೂ ಕಾಯುವುದಿಲ್ಲ. ಗೊಬ್ಬರದ ಅಂಗಳ ನಾರುತ್ತದೆ ಎಂಬುದು ಎರಡನೆಯ ಆಕ್ಷೇಪ. ಬೆರಕೆ ಕಸ ಬಂದರೆ, ಗಾಳಿಯಾಡದೆ ನೀರು ನಿಂತರೆ ನಾರುತ್ತದೆ. ಸರಿಯಾಗಿ ಬೇರ್ಪಟ್ಟು, ಒಣ ಎಲೆ ಬೆರೆಸಿದ ರಾಶಿಗೆ ಹಸಿ ಮಣ್ಣಿನ ವಾಸನೆ. ಜನ ಬೇರ್ಪಡಿಸುವುದಿಲ್ಲ ಎಂಬುದು ಮೂರನೆಯದು. ಬೇರ್ಪಡಿಸಿ ಕೊಟ್ಟ ಕಸವನ್ನು ಕಣ್ಣೆದುರೇ ಒಂದೇ ಆಟೋಗೆ ಸುರಿದರೆ ಯಾರೂ ಎರಡನೆಯ ದಿನ ಬೇರ್ಪಡಿಸುವುದಿಲ್ಲ. ಜನರ ನಂಬಿಕೆ ಗಾಡಿಯ ಎರಡು ಅರೆಗಳ ಮೇಲೆ ನಿಂತಿದೆ.

ಎಲ್ಲ ಮನೆಗಳನ್ನೂ ಒಂದೇ ದಿನ ತಿದ್ದಲಾಗದು. ಆದರೆ ಶುದ್ಧವಾದ ಹಸಿ ಕಸ ಗುಡ್ಡೆಗುಡ್ಡೆಯಾಗಿ ಸಿಗುವ ಜಾಗಗಳು ಊರಿಗೆ ಕೆಲವೇ ಇವೆ: ತರಕಾರಿ ಮಾರುಕಟ್ಟೆ, ಕಲ್ಯಾಣ ಮಂಟಪ, ಹೋಟೆಲು, ಹೆದ್ದಾರಿ ಬದಿಯ ಎಳನೀರಿನ ರಾಶಿ, ನೂಲು ಬಿಚ್ಚುವ ಮನೆ. ಮೊದಲು ಅವುಗಳಿಂದ ತೊಡಗಿದರೆ ರೈತನ ಕೈಗೆ ಗಾಜಿಲ್ಲದ ಗೊಬ್ಬರ ಹೋಗುತ್ತದೆ. ಒಮ್ಮೆ ಅವನು ನಂಬಿ ಎರಡನೆಯ ಸಲ ಬಂಡಿ ಕಳಿಸಿದ ಎಂದರೆ ಊರಿನಿಂದ ಹೊಲಕ್ಕೆ ದಾರಿ ಮತ್ತೆ ತೆರೆದಂತೆ.

ಒಣ ಕಸದ ದಾರಿ ಈಗಾಗಲೇ ತೆರೆದಿದೆ, ಅದನ್ನು ತುಳಿದವರು ಗುಜರಿಯವರು ಮತ್ತು ಚಿಂದಿ ಆಯುವವರು. ರಟ್ಟು, ಬಾಟಲಿ, ಕಬ್ಬಿಣವನ್ನು ಕಾರ್ಖಾನೆಗೆ ತಲುಪಿಸುವ ಅವರಿಗೆ ಊರು ಬಹಳ ಕಾಲ ಕಳ್ಳರ ಪಟ್ಟ ಕಟ್ಟಿತ್ತು. 2011ರಲ್ಲಿ ಬೆಂಗಳೂರಿನ ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ಆರಂಭಿಸಿತು. ಪುಣೆಯಲ್ಲಿ 2008ರಲ್ಲಿ ಅವರದೇ ಸಹಕಾರಿ ಸಂಸ್ಥೆಗೆ ಮನೆಮನೆಯ ಸಂಗ್ರಹದ ಗುತ್ತಿಗೆ ಸಿಕ್ಕಿತು. ಸಣ್ಣ ಊರುಗಳಲ್ಲಿ ಇಂಥವರ ಸಂಖ್ಯೆ ಕಡಿಮೆ. ಒಣ ಕಸದ ಕೇಂದ್ರವನ್ನು ಅವರ ಕೈಗೇ ಒಪ್ಪಿಸುವುದು ಇಲ್ಲಿ ಇನ್ನೂ ಸುಲಭ.

ಕೊನೆಯಲ್ಲಿ ಮತ್ತೆ ಬರುವುದು ಆ ಹಳೆಯ ಪ್ರಶ್ನೆಯೇ: ಬೇರ್ಪಡಿಸುವವರು ಯಾರು? ಮನೆಯಲ್ಲಿ ಬೇರ್ಪಡಿಸಲು ಅರ್ಧ ನಿಮಿಷ ಸಾಕು. ಅಲ್ಲಿ ಬೇರ್ಪಡದ ಕಸವನ್ನು ಮುಂದೆ ಯಾರಾದರೂ ಕೈಯಾರೆ ಬಿಡಿಸಲೇಬೇಕು. ಆ ಕೈ ಒಬ್ಬ ಪೌರಕಾರ್ಮಿಕನದು. ಹೆಚ್ಚಿನ ಸಲ ಒಬ್ಬ ಹೆಂಗಸಿನದು. ಕೊಳೆತ ಅನ್ನದ ನಡುವೆ ಅಡಗಿದ ಬ್ಲೇಡು, ಸೂಜಿ ಆಕೆಯ ಬೆರಳಿಗೆ ಸಿಗುತ್ತದೆ. ತಲೆಯ ಮೇಲಿನ ಬುಟ್ಟಿ ಕಾನೂನಿನಿಂದ ಇಳಿದ ಐವತ್ತು ವರ್ಷಗಳ ಮೇಲೂ ಹೊರೆ ಹೊರುವವರು ಬದಲಾಗದಿದ್ದರೆ ಅದು ಬರೀ ತಿಪ್ಪೆ ಸಾರಿಸಿದ ಕೆಲಸವಾಗುತ್ತದೆ. ರಾಮನಗರದ, ಚನ್ನಪಟ್ಟಣದ, ಕನಕಪುರದ, ಮಾಗಡಿಯ ಪ್ರತಿ ಮನೆಯ ಬಾಗಿಲಿನಲ್ಲಿ ಒಂದು ಬುಟ್ಟಿಯ ಪಕ್ಕ ಇನ್ನೊಂದು ಬುಟ್ಟಿ ಇಟ್ಟರೆ, ತೋಟಕ್ಕೆ ಗೊಬ್ಬರ ಸಿಗುವುದರ ಜೊತೆಗೆ ಬೆಳಗಿನ ಗಾಡಿಯ ಹಿಂದೆ ಬರುವ ಆ ಹೆಂಗಸು ಗಾಯವಿಲ್ಲದ ಕೈಯೊಂದಿಗೆ ಮನೆಗೆ ಹಿಂತಿರುಗುತ್ತಾಳೆ.